ಟಾಕ್ಸೊ ಪಾಸಿಟಿವ್ ಎಂದರೆ ಯಾವಾಗಿನ ಸೋಂಕು?

ಗರ್ಭಿಣಿಯರಲ್ಲಿ ಕೆಲವು ಸೋಂಕುಗಳನ್ನು ಒಟ್ಟಿಗೆ ಹುಡುಕುವ ಟಾರ್ಚ್ ಪರೀಕ್ಷೆಯ ರಿಪೋರ್ಟಿನ ಮೊದಲ ಎರಡು ಸಾಲು ಸಾಮಾನ್ಯವಾಗಿ ಟಾಕ್ಸೊಪ್ಲಾಸ್ಮಾದವು. ಒಂದು ಐಜಿಜಿ, ಇನ್ನೊಂದು ಐಜಿಎಂ. ಎದುರಿಗೊಂದು ಅಂಕಿ, ಅದರ ಪಕ್ಕ ದಪ್ಪಕ್ಷರದಲ್ಲಿ ಪಾಸಿಟಿವ್ ಅಥವಾ ನೆಗೆಟಿವ್. ಪಾಸಿಟಿವ್ ಕಂಡರೆ ಮನೆಮಂದಿಗೆಲ್ಲ ದಿಗಿಲು. ವರ್ಷಗಳಿಂದ ಮನೆಯಲ್ಲಿದ್ದ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟುಬರುವುದೂ ಉಂಟು, ಮಗು ಬೇಡವೇನೋ ಎಂಬ ಮಾತಿನವರೆಗೆ ಹೋಗುವುದೂ ಉಂಟು. ಆದರೆ ಆ ದಪ್ಪಕ್ಷರ ಹೇಳುವುದು ತೀರ ಕಡಿಮೆ. ಈ ಪರೋಪಜೀವಿಯನ್ನು ನಿಮ್ಮ ದೇಹ ಎಂದೋ ಒಮ್ಮೆ ಎದುರಿಸಿದೆ ಎಂಬುದನ್ನು ಅದು ನೆಚ್ಚಿಕೆಯಿಂದ ಹೇಳುತ್ತದೆ. ಎಂದು ಎದುರಿಸಿತು ಎಂಬುದನ್ನು ಹೇಳಲು ತಡವರಿಸುತ್ತದೆ. ಗರ್ಭಿಣಿಗೆ ಬೇಕಾದ ಉತ್ತರ ಎರಡನೆಯದು. ಅದನ್ನು ರಕ್ತದಿಂದ ಹೇಗೆ ಹೊರಡಿಸುತ್ತಾರೆ, ಎಲ್ಲಿ ಎಡವುತ್ತಾರೆ ಎಂದು ತಿಳಿದವರಿಗೆ ಈ ರಿಪೋರ್ಟ್ ಅಷ್ಟು ಹೆದರಿಸುವುದಿಲ್ಲ.

ಟಾಕ್ಸೊಪ್ಲಾಸ್ಮಾ ಗೊಂಡಿಯೈ ಒಂದೇ ಜೀವಕೋಶದ ಪರೋಪಜೀವಿ. 1908ರಲ್ಲಿ ಟ್ಯುನಿಸ್ ನಗರದ ಪಾಶ್ಚರ್ ಸಂಸ್ಥೆಯಲ್ಲಿ ಶಾರ್ಲ್ ನಿಕೋಲ್ ಮತ್ತು ಲೂಯಿ ಮಾಂಸೊ ಇದನ್ನು ಉತ್ತರ ಆಫ್ರಿಕಾದ ಒಂದು ದಂಶಕದಲ್ಲಿ ಕಂಡರು. ಅದೇ ವರ್ಷ ಬ್ರೆಜಿಲ್‌ನಲ್ಲಿ ಸ್ಪ್ಲೆಂಡೋರೆ ಮೊಲದಲ್ಲಿ ಕಂಡರು. ಬೆಕ್ಕಿನ ಜಾತಿಯ ಪ್ರಾಣಿಗಳ ಕರುಳಿನಲ್ಲಷ್ಟೇ ಇದರ ಲೈಂಗಿಕ ಸಂತಾನ ನಡೆಯುತ್ತದೆ ಎಂಬುದು ಗೊತ್ತಾಗಲು 1970ರ ತನಕ ಕಾಯಬೇಕಾಯಿತು. ಬೆಕ್ಕಿನ ಮಲದೊಂದಿಗೆ ಹೊರಬಿದ್ದ ಮೊಟ್ಟೆಯಂಥ ಕಣಗಳು ಮಣ್ಣು, ನೀರು, ತರಕಾರಿ ಸೇರುತ್ತವೆ. ಆ ಮಣ್ಣಿನಲ್ಲಿ ಮೇಯ್ದ ಕುರಿ, ಹಂದಿಗಳ ಮಾಂಸಖಂಡದಲ್ಲಿ ಸೋಂಕು ಗಂಟುಕಟ್ಟಿ ಕೂರುತ್ತದೆ. ಮನುಷ್ಯರಿಗೆ ಬರುವ ಮುಖ್ಯ ದಾರಿಗಳು ಎರಡು: ಸರಿಯಾಗಿ ಬೇಯದ ಮಾಂಸ, ಮಣ್ಣು ಅಥವಾ ನೀರು ತಾಗಿದ ಆಹಾರ. ಹಾಗಾಗಿ ಮಾಂಸ ಮುಟ್ಟದವರಿಗೂ ಇದು ಬರಬಹುದು.

ಆರೋಗ್ಯವಂತರಲ್ಲಿ ಬಹುಪಾಲು ಮಂದಿಗೆ ಸೋಂಕು ತಗುಲಿದ್ದೇ ಗೊತ್ತಾಗುವುದಿಲ್ಲ. ಕೆಲವರಿಗೆ ಕತ್ತಿನಲ್ಲಿ ಗಂಟು, ಒಂದಿಷ್ಟು ಜ್ವರ, ಸುಸ್ತು ಬಂದು ಹೋಗುತ್ತವೆ. ಪರೋಪಜೀವಿ ಕೆಲವೇ ದಿನ ರಕ್ತದಲ್ಲಿ ಓಡಾಡಿ, ಆಮೇಲೆ ಮಿದುಳು, ಕಣ್ಣು, ಸ್ನಾಯುಗಳಲ್ಲಿ ಸಣ್ಣ ಗಂಟುಗಳಾಗಿ ಅಡಗಿ ಕೂರುತ್ತದೆ. ಅಲ್ಲಿಂದ ಮುಂದೆ ಜೀವನವಿಡೀ ಅಲ್ಲೇ. ಮಲೇರಿಯಾದಂತೆ ರಕ್ತದ ಹನಿಯನ್ನು ಗಾಜಿನ ಮೇಲೆ ಹರಡಿ ಹುಡುಕಿದರೆ ಇದು ಸಿಗುವುದಿಲ್ಲ. ಆದ್ದರಿಂದ ವೈದ್ಯರು ಪರೋಪಜೀವಿಯನ್ನು ಬಿಟ್ಟು, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು ಹುಡುಕುತ್ತಾರೆ. ರಿಪೋರ್ಟಿನ ಐಜಿಜಿ, ಐಜಿಎಂ ಇಂಥ ಪ್ರತಿಕಾಯಗಳ ಎರಡು ಬಗೆ.

ಈ ಹುಡುಕಾಟದ ಮೊದಲ ಒಳ್ಳೆಯ ವಿಧಾನ ಬಂದದ್ದು 1948ರಲ್ಲಿ, ಅಮೆರಿಕದ ಸಿನ್ಸಿನಾಟಿಯಿಂದ. ಕಂಡುಹಿಡಿದವರು ಆಲ್ಬರ್ಟ್ ಸೇಬಿನ್ ಮತ್ತು ಹ್ಯಾರಿ ಫೆಲ್ಡ್‌ಮನ್. ನಮ್ಮ ಮಕ್ಕಳ ಬಾಯಿಗೆ ಬೀಳುವ ಪೋಲಿಯೊ ಹನಿಯ ಹಿಂದಿರುವ ಸೇಬಿನ್ ಇವರೇ. ವಿಧಾನ ಸರಳ, ಸ್ವಲ್ಪ ಅಪಾಯದ್ದೂ ಹೌದು. ಇಲಿಯ ಹೊಟ್ಟೆಯಲ್ಲಿ ಬೆಳೆಸಿದ ಜೀವಂತ ಟಾಕ್ಸೊಪ್ಲಾಸ್ಮಾಗಳನ್ನು ತೆಗೆದುಕೊಳ್ಳುತ್ತಾರೆ. ಅವಕ್ಕೆ ರೋಗಿಯ ಸೀರಂ, ಅಂದರೆ ರಕ್ತದ ತಿಳಿಭಾಗ, ಸೇರಿಸುತ್ತಾರೆ. ಪ್ರತಿಕಾಯಕ್ಕೆ ಕೊಲ್ಲಲು ನೆರವಾಗುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನ್‌ಗಳಿಗಾಗಿ, ಈ ಸೋಂಕೇ ಇಲ್ಲದ ಬೇರೊಬ್ಬರ ತಾಜಾ ಸೀರಂ ಬೆರೆಸುತ್ತಾರೆ. ದೇಹದ ಉಷ್ಣತೆಯಲ್ಲಿ ಸುಮಾರು ಒಂದು ಗಂಟೆ ಇಟ್ಟು, ಕೊನೆಗೆ ಮೆಥಿಲೀನ್ ಬ್ಲೂ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ರೋಗಿಯ ರಕ್ತದಲ್ಲಿ ಪ್ರತಿಕಾಯ ಇಲ್ಲದಿದ್ದರೆ ಪರೋಪಜೀವಿಗಳು ಬಣ್ಣ ಹೀರಿ ನೀಲಿಯಾಗುತ್ತವೆ. ಇದ್ದರೆ ಅವುಗಳ ಪೊರೆ ಹರಿದು ಬಣ್ಣ ಹಿಡಿಯುವುದೇ ಇಲ್ಲ. ಸೀರಂ ಅನ್ನು ಇಮ್ಮಡಿ, ನಾಲ್ಮಡಿ ಹೀಗೆ ತೆಳುಮಾಡುತ್ತಾ ಹೋಗಿ, ಯಾವ ಹಂತದವರೆಗೆ ಅರ್ಧದಷ್ಟು ಪರೋಪಜೀವಿಗಳಾದರೂ ಬಣ್ಣ ಹಿಡಿಯದೆ ಉಳಿದವು ಎಂದು ನೋಡಿ ಟೈಟರ್ ಬರೆಯುತ್ತಾರೆ. ಜೀವಂತ ಪರೋಪಜೀವಿ ಬೇಕು, ನುರಿತ ಕಣ್ಣು ಬೇಕು, ಸೂಜಿ ತಾಗಿದರೆ ಲ್ಯಾಬಿನವರಿಗೇ ಸೋಂಕು. ಈ ಕಾರಣಕ್ಕೆ ಈಗ ಜಗತ್ತಿನ ಕೆಲವೇ ಪ್ರಯೋಗಾಲಯಗಳಲ್ಲಿ ಇದು ಉಳಿದಿದೆ. ಹಾಗಿದ್ದರೂ ಹೊಸ ಕಿಟ್ ಬಂದಾಗ ಅದು ಎಷ್ಟು ಸರಿ ಎಂದು ಅಳೆಯಲು ಇಂದಿಗೂ ಈ ಹಳೆಯ ಪರೀಕ್ಷೆಯನ್ನೇ ಒರೆಗಲ್ಲಾಗಿ ಬಳಸುವುದುಂಟು.

ನಮ್ಮ ಊರಿನ ಲ್ಯಾಬಿನಲ್ಲಿ ಆಗುವುದು ಎಲೈಸಾ ಅಥವಾ ಅದರ ತಂಗಿ ಕೆಮಿಲ್ಯುಮಿನಿಸೆನ್ಸ್. ಎಲೈಸಾದಲ್ಲಿ 96 ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ. ಗುಳಿಯ ತಳಕ್ಕೆ ಟಾಕ್ಸೊಪ್ಲಾಸ್ಮಾದ ಪ್ರೋಟೀನ್‌ಗಳನ್ನು ಮೊದಲೇ ಅಂಟಿಸಿರುತ್ತಾರೆ. ಅದಕ್ಕೆ ನಿಮ್ಮ ಸೀರಂ ಹಾಕಿದಾಗ, ಹೊಂದುವ ಪ್ರತಿಕಾಯವಿದ್ದರೆ ಅದು ಅಲ್ಲಿ ಅಂಟಿಕೊಳ್ಳುತ್ತದೆ, ಉಳಿದದ್ದು ತೊಳೆದುಹೋಗುತ್ತದೆ. ಆಮೇಲೆ ಮನುಷ್ಯರ ಐಜಿಜಿಯನ್ನು ಗುರುತಿಸುವ ಇನ್ನೊಂದು ಪ್ರತಿಕಾಯ ಹಾಕುತ್ತಾರೆ. ಅದರ ಬಾಲಕ್ಕೆ ಒಂದು ಕಿಣ್ವ ಕಟ್ಟಿರುತ್ತದೆ. ಮತ್ತೆ ತೊಳೆದು, ಕಿಣ್ವ ತಾಗಿದರೆ ಬಣ್ಣ ಬರುವ ರಾಸಾಯನಿಕ ಸೇರಿಸಿದರೆ, ಬಣ್ಣ ಎಷ್ಟು ಗಾಢವೋ ಪ್ರತಿಕಾಯ ಅಷ್ಟು ಹೆಚ್ಚು. ಕೆಮಿಲ್ಯುಮಿನಿಸೆನ್ಸ್ ಯಂತ್ರದಲ್ಲಿ ಬಣ್ಣದ ಬದಲು ಬೆಳಕು ಹೊಮ್ಮುತ್ತದೆ. ದೊಡ್ಡ ಲ್ಯಾಬುಗಳು ಈಗ ಹೆಚ್ಚಾಗಿ ಇದನ್ನೇ ಬಳಸುತ್ತವೆ.

ಐಜಿಎಂ ಅಳೆಯುವಾಗ ಒಂದು ತೊಡಕಿದೆ. ರುಮಟಾಯ್ಡ್ ಫ್ಯಾಕ್ಟರ್ ಎಂಬುದೂ ಒಂದು ಬಗೆಯ ಐಜಿಎಂ. ಅದು ಬೇರೆ ಐಜಿಜಿಯ ಮೇಲೆ ಹೋಗಿ ಕೂತು ಸುಳ್ಳು ಪಾಸಿಟಿವ್ ಕೊಡಬಲ್ಲದು. ಇದನ್ನು ತಪ್ಪಿಸಲು ಒಳ್ಳೆಯ ಕಿಟ್‌ಗಳಲ್ಲಿ ಕೆಲಸವನ್ನು ತಿರುವುಮುರುವು ಮಾಡುತ್ತಾರೆ: ಮೊದಲು ರಕ್ತದ ಐಜಿಎಂ ಅನ್ನೆಲ್ಲ ಗುಳಿಯ ತಳದಲ್ಲಿ ಹಿಡಿದುಕೊಂಡು, ಆಮೇಲೆ ಅದರಲ್ಲಿ ಟಾಕ್ಸೊಪ್ಲಾಸ್ಮಾವನ್ನು ಗುರುತಿಸುವುದು ಎಷ್ಟಿದೆ ಎಂದು ನೋಡುತ್ತಾರೆ. ಇದರಿಂದ ತಪ್ಪು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ರಿಪೋರ್ಟಿನ ಅಂಕಿಯ ಬಗ್ಗೆ ಇಲ್ಲೇ ಒಂದು ಮಾತು. ಐಜಿಜಿಯನ್ನು ಮಿಲಿಲೀಟರಿಗೆ ಇಷ್ಟು ಅಂತಾರಾಷ್ಟ್ರೀಯ ಯೂನಿಟ್ ಎಂದು ಬರೆಯುತ್ತಾರಾದರೂ, ಬೇರೆ ಬೇರೆ ಕಂಪನಿಯ ಯಂತ್ರಗಳು ಒಂದೇ ರಕ್ತಕ್ಕೆ ಬೇರೆ ಬೇರೆ ಅಂಕಿ ಕೊಡುತ್ತವೆ. ಒಂದರಲ್ಲಿ 3 ದಾಟಿದರೆ ಪಾಸಿಟಿವ್, ಇನ್ನೊಂದರಲ್ಲಿ 8 ದಾಟಬೇಕು. ಹೋದ ತಿಂಗಳು ಹುಬ್ಬಳ್ಳಿಯ ಲ್ಯಾಬಿನಲ್ಲಿ 40 ಇತ್ತು, ಈ ತಿಂಗಳು ಬೆಂಗಳೂರಿನಲ್ಲಿ 120 ಬಂತು, ಹಾಗಾದರೆ ಸೋಂಕು ಏರುತ್ತಿದೆ ಎಂದು ತೀರ್ಮಾನಿಸಿದರೆ ಅದು ಯಂತ್ರ ಬದಲಾದದ್ದಕ್ಕೆ ಹೆದರಿದಂತೆ. ಒಂದೇ ಯಂತ್ರದಲ್ಲೂ ಐಜಿಜಿ ಬಹಳ ಹೆಚ್ಚಿದೆ ಎಂದ ಮಾತ್ರಕ್ಕೆ ಸೋಂಕು ಹೊಸದು ಎನ್ನುವಂತಿಲ್ಲ. ಕೆಲವರಲ್ಲಿ ಅದು ವರ್ಷಗಟ್ಟಲೆ ಎತ್ತರದಲ್ಲೇ ಇರುತ್ತದೆ.

ಇನ್ನು ಕಾಲಕ್ರಮ. ಸೋಂಕು ತಗುಲಿ ಸುಮಾರು ಒಂದು ವಾರದಲ್ಲಿ ಐಜಿಎಂ ಕಾಣಿಸಿಕೊಳ್ಳುತ್ತದೆ. ಒಂದೆರಡು ವಾರದಲ್ಲಿ ಐಜಿಜಿ ಹುಟ್ಟಿ, ಒಂದೆರಡು ತಿಂಗಳಲ್ಲಿ ಶಿಖರ ಮುಟ್ಟಿ, ನಿಧಾನವಾಗಿ ಇಳಿದರೂ ಸಾಮಾನ್ಯವಾಗಿ ಬದುಕಿರುವಷ್ಟು ದಿನ ಉಳಿಯುತ್ತದೆ. ಐಜಿಎಂ ಬೇಗ ಬಂದು ಬೇಗ ಹೋಗುತ್ತದೆ, ಆದ್ದರಿಂದ ಐಜಿಎಂ ಇದ್ದರೆ ಹೊಸ ಸೋಂಕು ಎಂದು ಹಲವು ರೋಗಗಳ ಬಗ್ಗೆ ಕಲಿಸುತ್ತಾರೆ. ಟಾಕ್ಸೊದಲ್ಲಿ ಈ ಪಾಠ ಕೈಕೊಡುತ್ತದೆ. ಇಲ್ಲಿ ಐಜಿಎಂ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಕ್ಕೂ ಹೆಚ್ಚು ಕಾಲ ಉಳಿದುಬಿಡುತ್ತದೆ. ಮದುವೆಗೆ ಮುಂಚೆ ತಗುಲಿದ ಸೋಂಕಿನ ಐಜಿಎಂ ಮೊದಲ ಬಸುರಿನಲ್ಲಿ ಪಾಸಿಟಿವ್ ತೋರಿಸಿದರೆ ಅಚ್ಚರಿಯೇನಿಲ್ಲ.

ಇದರ ಜತೆಗೆ ಲೆಕ್ಕದ ಪೇಚೂ ಇದೆ. ಹತ್ತು ಸಾವಿರ ಗರ್ಭಿಣಿಯರಲ್ಲಿ 20 ಮಂದಿಗೆ ಈಗಷ್ಟೇ ಸೋಂಕು ತಗುಲಿದೆ ಎಂದು ಇಟ್ಟುಕೊಳ್ಳಿ. ಕಿಟ್ ಒಳ್ಳೆಯದೇ, ಸೋಂಕಿಲ್ಲದ ನೂರು ಜನರಲ್ಲಿ ಇಬ್ಬರನ್ನಷ್ಟೇ ತಪ್ಪಾಗಿ ಪಾಸಿಟಿವ್ ಎನ್ನುತ್ತದೆ. ಉಳಿದ 9,980 ಮಂದಿಯಲ್ಲಿ ಶೇ 2 ಎಂದರೆ ಸುಮಾರು 200. ನಿಜವಾದ 20 ಸೇರಿಸಿದರೆ ಪಾಸಿಟಿವ್ ರಿಪೋರ್ಟ್ ಹಿಡಿದವರು 220, ಅವರಲ್ಲಿ ಹೊಸ ಸೋಂಕಿರುವವರು ಹನ್ನೊಂದಕ್ಕೆ ಒಬ್ಬರು. ಇಲ್ಲಿ ಯಂತ್ರದ ದೋಷವೇನೂ ಇಲ್ಲ. ವಿರಳವಾದುದನ್ನು ಎಲ್ಲರಲ್ಲೂ ಹುಡುಕಹೊರಟರೆ ಆಗುವುದೇ ಹೀಗೆ. ಅಂಕಿಗಳು ಉದಾಹರಣೆಗೆ ಹಾಕಿಕೊಂಡವು, ಆದರೆ ವಾಸ್ತವದ ಚಿತ್ರ ಇದಕ್ಕಿಂತ ಬಹಳ ದೂರವಿಲ್ಲ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲೇ ವೈದ್ಯರನ್ನು ಎಚ್ಚರಿಸಿತ್ತು: ಟಾಕ್ಸೊ ಐಜಿಎಂ ಕಿಟ್ ಒಂದನ್ನೇ ನಂಬಿ ಗರ್ಭಿಣಿಗೆ ಹೊಸ ಸೋಂಕೆಂದು ತೀರ್ಮಾನಿಸಬೇಡಿ. ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಲ್ಲಿ ಜ್ಯಾಕ್ ರೆಮಿಂಗ್ಟನ್ ಕಟ್ಟಿ ಬೆಳೆಸಿದ ಟಾಕ್ಸೊ ಪ್ರಯೋಗಾಲಯವಿದೆ. ಹೊರಗಿನ ಲ್ಯಾಬುಗಳಲ್ಲಿ ಐಜಿಎಂ ಪಾಸಿಟಿವ್ ಬಂದ ಗರ್ಭಿಣಿಯರ ರಕ್ತವನ್ನು ಅಲ್ಲಿ ಹಲವು ಬಗೆಯಲ್ಲಿ ಮರುಪರೀಕ್ಷೆ ಮಾಡಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು ಶೇ 60 ಮಂದಿಯಲ್ಲಿ ಇತ್ತೀಚಿನ ಸೋಂಕೇ ಇರಲಿಲ್ಲ. ಮರುಪರೀಕ್ಷೆಯ ಫಲಿತಾಂಶವನ್ನು ಪರಿಣತರು ವಿವರಿಸಿ ತಿಳಿಸಿದ ಮೇಲೆ, ಹೆದರಿ ಗರ್ಭ ತೆಗೆಸಿಕೊಳ್ಳುವವರ ಸಂಖ್ಯೆ ಅರ್ಧಕ್ಕೆ ಇಳಿಯಿತು ಎಂಬುದು ಆ ಅಧ್ಯಯನದ ಲೆಕ್ಕ. ರಕ್ತಪರೀಕ್ಷೆಯೊಂದರ ಅರ್ಧಂಬರ್ಧ ಓದು ಜೀವಕ್ಕೆ ಎರವಾಗುವುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ನನಗೆ ಕಂಡಿಲ್ಲ.

ಐಜಿಎಂ ಕೈಕೊಟ್ಟಲ್ಲಿ ನೆರವಿಗೆ ಬರುವುದು ಅವಿಡಿಟಿ ಪರೀಕ್ಷೆ. ಫಿನ್‌ಲೆಂಡಿನ ಕ್ಲೌಸ್ ಹೆಡ್‌ಮನ್ ಮತ್ತು ಸಂಗಡಿಗರು 1989ರಲ್ಲಿ ಟಾಕ್ಸೊಗೆ ಇದನ್ನು ಅಳವಡಿಸಿದರು. ಪ್ರತಿಕಾಯ ತಯಾರಿಸುವ ಬಿ ಜೀವಕೋಶಗಳು ಮೊದಲ ವಾರಗಳಲ್ಲಿ ಒರಟುಒರಟಾದ ಐಜಿಜಿ ತಯಾರಿಸುತ್ತವೆ. ಅದು ಪರೋಪಜೀವಿಯ ಪ್ರೋಟೀನಿಗೆ ಅಂಟುತ್ತದೆ, ಆದರೆ ಹಿಡಿತ ಸಡಿಲ. ತಿಂಗಳುಗಳು ಕಳೆದಂತೆ ದುಗ್ಧಗ್ರಂಥಿಗಳಲ್ಲಿ ಆಯ್ಕೆ ನಡೆಯುತ್ತಾ ಹೋಗುತ್ತದೆ. ಗಟ್ಟಿಯಾಗಿ ಅಂಟುವ ಪ್ರತಿಕಾಯ ತಯಾರಿಸುವ ಜೀವಕೋಶಗಳು ಮಾತ್ರ ಉಳಿದು ಹೆಚ್ಚುತ್ತವೆ. ಹೀಗೆ ಐಜಿಜಿಯ ಹಿಡಿತವೇ, ಅಂದರೆ ಅವಿಡಿಟಿಯೇ, ಸೋಂಕಿನ ವಯಸ್ಸು ಹೇಳುತ್ತದೆ.

ಅಳೆಯುವ ರೀತಿ ಸೊಗಸಾಗಿದೆ. ಒಂದೇ ಸೀರಂ ಅನ್ನು ಎರಡು ಗುಳಿಗೆ ಹಾಕುತ್ತಾರೆ. ಒಂದನ್ನು ಮಾಮೂಲಿ ದ್ರಾವಣದಿಂದ, ಇನ್ನೊಂದನ್ನು ಯೂರಿಯಾ ಬೆರೆತ ದ್ರಾವಣದಿಂದ ತೊಳೆಯುತ್ತಾರೆ. ಹೊಲಕ್ಕೆ ಹಾಕುವ ಅದೇ ಯೂರಿಯಾ, ಇಲ್ಲಿ ಬಹಳ ಗಾಢವಾಗಿ. ಹೊಸದಾಗಿ ಬಣ್ಣ ಹಾಕಿಸಿದ ಸೀರೆಯನ್ನು ನೀರಿಗೆ ಅದ್ದಿದರೆ ಬಣ್ಣ ಬಿಡುವಂತೆ, ಸಡಿಲ ಹಿಡಿತದ ಹೊಸ ಐಜಿಜಿ ಯೂರಿಯಾದಲ್ಲಿ ಕಿತ್ತು ಹೋಗುತ್ತದೆ, ಹಳೆಯದು ಜಗ್ಗುವುದಿಲ್ಲ. ಎರಡೂ ಗುಳಿಯ ಬಣ್ಣವನ್ನು ಹೋಲಿಸಿ ಶೇಕಡಾವಾರು ಬರೆಯುತ್ತಾರೆ. ಎಷ್ಟರ ಮೇಲೆ ‘ಹೆಚ್ಚು’, ಎಷ್ಟರ ಕೆಳಗೆ ‘ಕಡಿಮೆ’ ಎಂಬ ಗೆರೆ ಕಿಟ್‌ನಿಂದ ಕಿಟ್‌ಗೆ ಬೇರೆ, ಆದ್ದರಿಂದ ಅಂಕಿಯ ಪಕ್ಕದ ಮಾನದಂಡವನ್ನೂ ಓದಬೇಕು.

ಅವಿಡಿಟಿ ಹೆಚ್ಚಿದ್ದರೆ ಸೋಂಕು ಕನಿಷ್ಠ ಮೂರು-ನಾಲ್ಕು ತಿಂಗಳಿಗಿಂತ ಹಳೆಯದು ಎಂದು ಧೈರ್ಯವಾಗಿ ಹೇಳಬಹುದು. ಗರ್ಭ ನಿಂತು ಹತ್ತು ವಾರವಾಗಿರುವ ಹೆಣ್ಣುಮಗಳಿಗೆ ಐಜಿಎಂ ಪಾಸಿಟಿವ್ ಬಂದು, ಅವಿಡಿಟಿ ಹೆಚ್ಚು ಎಂದು ಬಂದರೆ, ಸೋಂಕು ತಗುಲಿದ್ದು ಬಸುರಾಗುವ ಮೊದಲೇ. ಮಗುವಿನ ಚಿಂತೆ ಬಿಡಬಹುದು. ಅದೇ ಫಲಿತಾಂಶ ಮೂವತ್ತನೇ ವಾರದಲ್ಲಿ ಬಂದರೆ ಈ ಭರವಸೆ ಸಿಗುವುದಿಲ್ಲ, ಏಕೆಂದರೆ ನಾಲ್ಕು ತಿಂಗಳ ಹಿಂದೆಯೂ ಆಕೆ ಬಸುರಿಯೇ ಆಗಿದ್ದಳು. ಹದಿನಾರು ವಾರದೊಳಗೆ ತೆಗೆದ ರಕ್ತಕ್ಕೆ ಅವಿಡಿಟಿಯಲ್ಲಿ ಹೆಚ್ಚು ಬೆಲೆ ಬರುವುದು ಇದರಿಂದ. ಇನ್ನು ಅವಿಡಿಟಿ ಕಡಿಮೆ ಇದ್ದರೆ? ಇಲ್ಲಿ ಬಹಳ ಮಂದಿ ಜಾರುತ್ತಾರೆ. ಕೆಲವರ ಐಜಿಜಿ ಗಟ್ಟಿಯಾಗಲು ವರ್ಷ ಹಿಡಿಯಬಹುದು. ಔಷಧ ತೆಗೆದುಕೊಂಡರೂ ಅದು ನಿಧಾನವಾಗಬಹುದು. ಹಾಗಾಗಿ ಕಡಿಮೆ ಅವಿಡಿಟಿಯಿಂದ ಸೋಂಕು ಹೊಸದೆಂದು ಸಾಬೀತಾಗುವುದಿಲ್ಲ, ಸಂಶಯ ಪರಿಹಾರವಾಗಲಿಲ್ಲ ಎಂದಷ್ಟೇ ಗೊತ್ತಾಗುತ್ತದೆ.

ಹೊಸ ಸೋಂಕಿಗೆ ಗಟ್ಟಿ ಸಾಕ್ಷಿ ಎಂದರೆ ಮೊದಲು ನೆಗೆಟಿವ್ ಇದ್ದ ಐಜಿಜಿ ಆಮೇಲೆ ಪಾಸಿಟಿವ್ ಆಗುವುದು. ಇದಕ್ಕೆ ಎರಡು ರಕ್ತ ಬೇಕು. ಎರಡು-ಮೂರು ವಾರದ ಅಂತರದಲ್ಲಿ ತೆಗೆದ ಎರಡನ್ನೂ ಒಂದೇ ಲ್ಯಾಬಿನಲ್ಲಿ, ಸಾಧ್ಯವಾದರೆ ಒಂದೇ ತಟ್ಟೆಯಲ್ಲಿ ಒಟ್ಟಿಗೆ ಓಡಿಸಬೇಕು. ಮೊದಲ ಸೀರಂ ಅನ್ನು ಲ್ಯಾಬಿನವರು ಫ್ರೀಜರಿನಲ್ಲಿ ಇಟ್ಟುಕೊಂಡಿದ್ದರೆ ಮಾತ್ರ ಇದು ಸಾಧ್ಯ. ಐಜಿಎಂ ಪಾಸಿಟಿವ್, ಐಜಿಜಿ ನೆಗೆಟಿವ್ ಬಂದವರಿಗಂತೂ ಈ ಎರಡನೇ ರಕ್ತವೇ ತೀರ್ಪು ಕೊಡುತ್ತದೆ. ಮೂರು ವಾರ ಕಳೆದರೂ ಐಜಿಜಿ ಹುಟ್ಟದಿದ್ದರೆ ಆ ಐಜಿಎಂ ಸುಳ್ಳು. ಹುಟ್ಟಿದರೆ ಸೋಂಕು ನಿಜ, ಇತ್ತೀಚಿನದು. ಐಜಿಜಿ ಪಾಸಿಟಿವ್, ಐಜಿಎಂ ನೆಗೆಟಿವ್ ಎಂದು ಬಸುರಿನ ಮೊದಲ ತಿಂಗಳುಗಳಲ್ಲಿ ಬಂದರೆ ಹಳೆಯ ಸೋಂಕು. ರೋಗನಿರೋಧಕ ಶಕ್ತಿ ಸರಿಯಿರುವ ತಾಯಿಯಾದರೆ ಮಗುವಿಗೆ ಹೆಚ್ಚೂಕಡಿಮೆ ರಕ್ಷೆ ಇದ್ದಂತೆಯೇ. ಎರಡೂ ನೆಗೆಟಿವ್ ಬಂದರೆ ‘ಸದ್ಯ, ಏನೂ ಇಲ್ಲ’ ಎಂದು ಖುಷಿಪಡುವ ರೂಢಿಯಿದೆ. ಆದರೆ ನಿಜಕ್ಕೂ ಎಚ್ಚರವಾಗಿರಬೇಕಾದವಳು ಈಕೆಯೇ. ಆಕೆಗೆ ಈ ಸೋಂಕು ಎಂದೂ ತಗುಲಿಲ್ಲ, ಇನ್ನು ಮುಂದೆ ತಗುಲಬಹುದು. ಫ್ರಾನ್ಸ್‌ನಲ್ಲಿ ಇಂಥ ನೆಗೆಟಿವ್ ಗರ್ಭಿಣಿಯರನ್ನು ಹೆರಿಗೆಯವರೆಗೆ ತಿಂಗಳಿಗೊಮ್ಮೆ ಮತ್ತೆ ಪರೀಕ್ಷಿಸಬೇಕೆಂಬ ನಿಯಮ 1992ರಲ್ಲಿ ಬಂತು.

ಭಾರತದಲ್ಲಿ ಅಂಥ ರಾಷ್ಟ್ರೀಯ ಯೋಜನೆ ಇಲ್ಲ. ದೇಶದ ಬೇರೆ ಬೇರೆ ಭಾಗಗಳ ಹೆರುವ ವಯಸ್ಸಿನ ಹೆಣ್ಣುಮಕ್ಕಳ ರಕ್ತ ನೋಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಒಟ್ಟು ಶೇ 22ರಷ್ಟು ಮಂದಿಗೆ, ದಕ್ಷಿಣ ಭಾರತದಲ್ಲಿ ಶೇ 37ರಷ್ಟು ಮಂದಿಗೆ ಐಜಿಜಿ ಇತ್ತು. ಅಂದರೆ ನಮ್ಮ ಕಡೆಯ ಮೂವರಲ್ಲಿ ಒಬ್ಬರ ರಿಪೋರ್ಟಿನಲ್ಲಾದರೂ ಐಜಿಜಿ ಎದುರು ಪಾಸಿಟಿವ್ ಎಂದೇ ಬರುತ್ತದೆ. ಅದು ಕಾಯಿಲೆಯ ಲಕ್ಷಣವಲ್ಲ.

ಯೋಜನೆ ಇಲ್ಲದಿದ್ದರೂ ನಮ್ಮಲ್ಲಿ ಟಾರ್ಚ್ ಇದೆ. ಟಾಕ್ಸೊ, ರುಬೆಲ್ಲಾ, ಸೈಟೊಮೆಗಲೊ ವೈರಸ್, ಹರ್ಪಿಸ್ ಇವನ್ನೆಲ್ಲ ಒಂದೇ ಕಟ್ಟಿನಲ್ಲಿ ನೋಡುವ ಪರೀಕ್ಷೆ. ಒಂದೆರಡು ಬಾರಿ ಗರ್ಭ ಇಳಿದುಹೋದ ಹೆಣ್ಣುಮಗಳಿಗೆ ಇದನ್ನು ಬರೆದುಕೊಡುವುದು ವಾಡಿಕೆಯಾಗಿಬಿಟ್ಟಿದೆ. ನನಗೆ ಇದು ಹೆಚ್ಚಿನ ಸಲ ದುಡ್ಡು ದಂಡ ಎನಿಸುತ್ತದೆ. ಕಾರಣ ಸರಳ. ಟಾಕ್ಸೊ ಮೊದಲ ಸಲ ತಗುಲಿದ ಬಸುರಿನಲ್ಲಿ ತೊಂದರೆ ಮಾಡಬಹುದು. ಒಮ್ಮೆ ಪ್ರತಿಕಾಯ ಬಂದ ಮೇಲೆ ಮುಂದಿನ ಬಸುರುಗಳಿಗೆ ಅದೇ ಕಾವಲು. ಹಾಗಾಗಿ ಮತ್ತೆ ಮತ್ತೆ ಆಗುವ ಗರ್ಭಪಾತಕ್ಕೆ ಇದನ್ನು ಕಾರಣವೆನ್ನಲು ಆಧಾರ ಸಾಲದು. ಪದೇ ಪದೇ ಗರ್ಭಪಾತವಾದವರಿಗೆ ಟಾರ್ಚ್ ಮಾಡಿಸುವುದನ್ನು ಅಂತಾರಾಷ್ಟ್ರೀಯ ಮಾರ್ಗಸೂಚಿಗಳೂ ಶಿಫಾರಸು ಮಾಡುವುದಿಲ್ಲ. ಐಜಿಜಿ ಪಾಸಿಟಿವ್ ಎಂದು ತಿಂಗಳುಗಟ್ಟಲೆ ಸ್ಪೈರಮೈಸಿನ್ ಎಂಬ ಮಾತ್ರೆ ನುಂಗಿ, ಮುಂದಿನ ಗರ್ಭ ನಿಂತಾಗ ‘ಮಾತ್ರೆಯಿಂದಲೇ ಆಯಿತು’ ಎಂದು ನಂಬುವವರಿದ್ದಾರೆ. ಎರಡು ಸಲ ಗರ್ಭ ಇಳಿದವರಲ್ಲೂ ಹೆಚ್ಚಿನವರಿಗೆ ಮುಂದಿನದು ಔಷಧವಿಲ್ಲದೆಯೇ ನಿಲ್ಲುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ಗರ್ಭದಲ್ಲಿರುವ ಮಗುವಿನ ಸ್ಕ್ಯಾನಿನಲ್ಲಿ ಮಿದುಳಿನೊಳಗೆ ನೀರು ತುಂಬಿದಂತೆಯೋ ಸುಣ್ಣದ ಚುಕ್ಕೆಗಳಂತೆಯೋ ಕಂಡಾಗ, ಇಲ್ಲವೇ ತಾಯಿಗೆ ಕತ್ತಿನ ಗಂಟು, ಜ್ವರ ಬಂದಾಗ ಟಾಕ್ಸೊ ಪರೀಕ್ಷೆಗೆ ಪೂರ್ತಿ ಅರ್ಥವಿದೆ.

ಬಸುರಿನಲ್ಲೇ ಸೋಂಕು ತಗುಲಿದ್ದು ಖಚಿತವಾದರೂ ಅದು ಮಗುವಿಗೆ ದಾಟಿಯೇ ಇರುತ್ತದೆ ಎಂದಲ್ಲ. ಮೊದಲ ಮೂರು ತಿಂಗಳಲ್ಲಿ ದಾಟುವ ಸಂಭವ ಸುಮಾರು ಶೇ 15 ಅಥವಾ ಅದಕ್ಕೂ ಕಡಿಮೆ, ಕೊನೆಯ ತಿಂಗಳುಗಳಲ್ಲಿ ಶೇ 60ಕ್ಕೂ ಮೇಲೆ. ಹಾನಿಯ ಲೆಕ್ಕ ಇದಕ್ಕೆ ತದ್ವಿರುದ್ಧ: ಮೊದಲು ದಾಟಿದರೆ ಅಪರೂಪ ಆದರೆ ಘೋರ, ಕೊನೆಯಲ್ಲಿ ದಾಟಿದರೆ ಸಾಮಾನ್ಯ ಆದರೆ ಹುಟ್ಟುವಾಗ ಮಗು ಹೆಚ್ಚಾಗಿ ಆರೋಗ್ಯವಾಗೇ ಕಾಣುತ್ತದೆ. ದಾಟಿದೆಯೇ ಎಂದು ತಿಳಿಯಲು ಪ್ರತಿಕಾಯ ಸಾಲದು. ಹದಿನೆಂಟು ವಾರ ಕಳೆದ ಮೇಲೆ, ಸೋಂಕು ತಗುಲಿ ಕನಿಷ್ಠ ನಾಲ್ಕು ವಾರ ಆದ ಮೇಲೆ, ಮಗುವಿನ ಸುತ್ತಲಿನ ನೀರನ್ನು ಸೂಜಿಯಿಂದ ತೆಗೆದು, ಪರೋಪಜೀವಿಯನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಮಾಡುತ್ತಾರೆ. ಅದಕ್ಕೆ ಮೊದಲು ಸ್ಪೈರಮೈಸಿನ್, ದಾಟಿದ್ದು ಖಚಿತವಾದರೆ ಪೈರಿಮೆಥಮಿನ್, ಸಲ್ಫಾಡಯಾಜಿನ್, ಫೋಲಿನಿಕ್ ಆಮ್ಲ. ಇವು ಸ್ವಂತಕ್ಕೆ ಮೆಡಿಕಲ್ ಶಾಪಿನಿಂದ ತರುವ ಮಾತ್ರೆಗಳಲ್ಲ.

ಮಗು ಹುಟ್ಟಿದ ಮೇಲೆ ಅದರ ರಕ್ತದಲ್ಲಿ ಐಜಿಜಿ ಪಾಸಿಟಿವ್ ಬಂದರೆ ಆ ಐಜಿಜಿ ಅಮ್ಮನದೇ ಇರಬಹುದು. ಐಜಿಜಿ ಮಾಸಿನ ಮೂಲಕ ಮಗುವಿಗೆ ಸಲೀಸಾಗಿ ದಾಟುತ್ತದೆ. ಐಜಿಎಂ ಆಗಲಿ, ಐಜಿಎ ಎಂಬ ಇನ್ನೊಂದು ಬಗೆಯ ಪ್ರತಿಕಾಯವಾಗಲಿ ದಾಟುವುದಿಲ್ಲ, ಆದ್ದರಿಂದ ಮಗುವಿನಲ್ಲಿ ಅವು ಸಿಕ್ಕರೆ ಮಗುವೇ ತಯಾರಿಸಿದ್ದು. ಹೆರಿಗೆಯ ಹೊತ್ತಿನಲ್ಲಿ ಅಮ್ಮನ ರಕ್ತ ಸ್ವಲ್ಪ ಬೆರೆತಿರಬಹುದಾದ್ದರಿಂದ ಹತ್ತು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಅಮ್ಮನಿಂದ ಬಂದ ಐಜಿಜಿ ತಿಂಗಳಿಗೆ ಸರಿಸುಮಾರು ಅರ್ಧದಂತೆ ಕರಗುತ್ತಾ ವರ್ಷದೊಳಗೆ ಮಾಯವಾಗಬೇಕು. ವರ್ಷ ತುಂಬಿದ ಮೇಲೂ ಐಜಿಜಿ ಉಳಿದಿದ್ದರೆ ಅದು ಮಗುವಿನದೇ, ಹುಟ್ಟುವ ಮೊದಲೇ ಸೋಂಕು ತಗುಲಿತ್ತು. ಒಂದು ವರ್ಷದ ಉದ್ದಕ್ಕೂ ಮಗುವಿನ ರಕ್ತ ತೆಗೆಸುತ್ತಾ ಇರಬೇಕಾದ ತಾಯ್ತಂದೆಯರ ತಾಳ್ಮೆ ಸಣ್ಣದಲ್ಲ, ಆದರೆ ಇದಕ್ಕೆ ಅಡ್ಡದಾರಿಯಿಲ್ಲ.

ಎಚ್‌ಐವಿ ಇರುವವರಲ್ಲಿ ಕಥೆ ಬೇರೆ. ಅವರನ್ನು ಕಾಡುವುದು ಹಳೆಯ ಸೋಂಕೇ. ರೋಗನಿರೋಧಕ ಶಕ್ತಿಯ ಸಿಡಿ4 ಜೀವಕೋಶಗಳ ಎಣಿಕೆ 100ಕ್ಕಿಂತ ಕೆಳಗಿಳಿದಾಗ ಮಿದುಳಿನಲ್ಲಿ ಅಡಗಿದ್ದ ಗಂಟುಗಳು ಒಡೆದು ಮತ್ತೆ ಹಬ್ಬುತ್ತವೆ. ಇಲ್ಲಿ ಐಜಿಎಂ ಹೆಚ್ಚಾಗಿ ನೆಗೆಟಿವ್, ಐಜಿಜಿ ಪಾಸಿಟಿವ್. ಐಜಿಜಿ ನೆಗೆಟಿವ್ ಇದ್ದರೆ ಮಿದುಳಿನ ಟಾಕ್ಸೊ ಅಪರೂಪ ಎಂಬುದೇ ಈ ಪರೀಕ್ಷೆಯಿಂದ ಸಿಗುವ ದೊಡ್ಡ ಪ್ರಯೋಜನ. ಪಾಸಿಟಿವ್ ಇದ್ದು, ಎಂಆರ್‌ಐಯಲ್ಲಿ ಉಂಗುರದಂಥ ಗಂಟುಗಳು ಕಂಡರೆ ಔಷಧ ಶುರುಮಾಡಿ ಎರಡು ವಾರದೊಳಗೆ ಕರಗುತ್ತವೆಯೇ ಎಂದು ನೋಡುತ್ತಾರೆ. ನಮ್ಮ ದೇಶದಲ್ಲಿ ಅಂಥದೇ ಉಂಗುರ ಕ್ಷಯದಿಂದಲೂ ಲಾಡಿಹುಳುವಿನ ಗಂಟಿನಿಂದಲೂ ಬರುವುದರಿಂದ ಈ ಕಾಯುವಿಕೆಗೆ ಅರ್ಥವಿದೆ.

ಕಣ್ಣಿನ ಟಾಕ್ಸೊದಲ್ಲಿ ರಕ್ತಪರೀಕ್ಷೆ ಎರಡನೇ ಸಾಲಿನದು. ಅಕ್ಷಿಪಟಲದ ಮೇಲಿನ ಹಳೆಯ ಕಲೆಯ ಅಂಚಿನಲ್ಲಿ ಹೊಸ ಬಿಳಿ ಗಾಯ ನೋಡಿಯೇ ನೇತ್ರತಜ್ಞರು ಬಹಳಷ್ಟು ಸಲ ತೀರ್ಮಾನಿಸುತ್ತಾರೆ. ನೆರೆಯ ತಮಿಳುನಾಡಿನ ಕೊಯಮತ್ತೂರಿನಲ್ಲಿ 2004ರಲ್ಲಿ ನಡೆದದ್ದು ಇದಕ್ಕೆ ಅಪವಾದ. ಅಲ್ಲಿನ ಅರವಿಂದ್ ಕಣ್ಣಾಸ್ಪತ್ರೆಗೆ ಇದ್ದಕ್ಕಿದ್ದಂತೆ ಕಣ್ಣಿನ ಟಾಕ್ಸೊ ರೋಗಿಗಳು ಒಬ್ಬರ ಹಿಂದೆ ಒಬ್ಬರು ಬರತೊಡಗಿದರು. ಕೊನೆಗೆ ಲೆಕ್ಕಕ್ಕೆ ಸಿಕ್ಕವರು 248 ಮಂದಿ. ಸೋಂಕು ಹುಟ್ಟಿನಿಂದ ಬಂದದ್ದಲ್ಲ, ಈಚೆಗೆ ತಗುಲಿದ್ದು ಎಂದು ತಿಳಿಯಲು ಪ್ರತಿಕಾಯ ಪರೀಕ್ಷೆ ನೆರವಾಯಿತು. ರೋಗಿಗಳ ವಿಳಾಸ, ನೀರಿನ ಮೂಲ ಹುಡುಕುತ್ತಾ ಹೋದಾಗ ಸಂಶಯ ಊರಿಗೆ ನೀರು ಕೊಡುವ ಜಲಾಶಯವೊಂದರ ಮೇಲೆ ಬಂತು.

ಪರೀಕ್ಷೆಗೆ ಹೋಗುವವರಿಗೆ ಕೆಲವು ಮಾತು. ಖಾಲಿ ಹೊಟ್ಟೆ ಬೇಕಿಲ್ಲ. ಕೂದಲು, ಉಗುರಿಗೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಲ್ಯಾಬಿನವರಿಗೆ ಹೇಳಿ, ಕೆಲವು ಯಂತ್ರಗಳ ಫಲಿತಾಂಶ ಅದರಿಂದ ಏರುಪೇರಾಗುತ್ತದೆ. ಈಚೆಗೆ ಇಮ್ಯುನೊಗ್ಲಾಬ್ಯುಲಿನ್ ಡ್ರಿಪ್ ಹಾಕಿಸಿಕೊಂಡಿದ್ದರೂ ಹೇಳಿ, ದಾನಿಗಳ ಐಜಿಜಿ ನಿಮ್ಮದೆಂದು ಕಾಣಬಹುದು. ಹಳೆಯ ಟಾರ್ಚ್ ರಿಪೋರ್ಟ್ ಬಿಸಾಡಬೇಡಿ. ಮೂರು ವರ್ಷದ ಹಿಂದಿನ ರಿಪೋರ್ಟಿನಲ್ಲಿ ಐಜಿಜಿ ಪಾಸಿಟಿವ್ ಎಂದಿದ್ದರೆ ಈಗಿನ ಐಜಿಎಂ ಗಲಾಟೆ ಅಲ್ಲೇ ಮುಗಿಯುತ್ತದೆ. ಐಜಿಎಂ ಪಾಸಿಟಿವ್ ಬಂದರೆ ಯಾವ ತೀರ್ಮಾನಕ್ಕೂ ಮೊದಲು ವೈದ್ಯರಲ್ಲಿ ಮೂರು ಪ್ರಶ್ನೆ ಕೇಳಿ: ಈಗ ಬಸುರಿನ ಎಷ್ಟನೇ ವಾರ, ಇದೇ ರಕ್ತದಲ್ಲಿ ಅವಿಡಿಟಿ ಮಾಡಿಸಬಹುದೇ, ಎರಡನೇ ರಕ್ತ ಯಾವಾಗ.

ಇನ್ನು ಆ ಬೆಕ್ಕು. ಅದರ ರಕ್ತ ಪರೀಕ್ಷೆ ಮಾಡಿಸಿ ಪ್ರಯೋಜನವಿಲ್ಲ. ಬೆಕ್ಕು ತನ್ನ ಜೀವಮಾನದಲ್ಲಿ ಸಾಮಾನ್ಯವಾಗಿ ಮೊದಲ ಸೋಂಕಿನ ಒಂದರಿಂದ ಮೂರು ವಾರ ಮಾತ್ರ ಪರೋಪಜೀವಿಯನ್ನು ಹೊರಹಾಕುತ್ತದೆ. ಪ್ರತಿಕಾಯ ಬಂದಿರುವ ಬೆಕ್ಕೆಂದರೆ ಹೆಚ್ಚಾಗಿ ಆ ಘಟ್ಟ ದಾಟಿದ ಬೆಕ್ಕು. ಹೊರಬಿದ್ದ ಕಣಗಳು ಸೋಂಕು ತಗುಲಿಸುವಂತಾಗಲು ಒಂದರಿಂದ ಐದು ದಿನ ಬೇಕು. ಬೆಕ್ಕಿನ ಮಲವನ್ನು ದಿನಾ ತೆಗೆದರೆ, ಆ ಕೆಲಸವನ್ನು ಗರ್ಭಿಣಿಯ ಬದಲು ಬೇರೆಯವರು ಮಾಡಿದರೆ ಅಷ್ಟು ಸಾಕು. ಎರಡೂ ನೆಗೆಟಿವ್ ಬಂದ ಗರ್ಭಿಣಿ ಕೈತೋಟದಲ್ಲಿ ಕೈಗವಸು ಹಾಕಿಕೊಳ್ಳಲಿ, ಕೊತ್ತಂಬರಿ, ಸೌತೆಕಾಯಿ, ಮೂಲಂಗಿಗಳನ್ನು ಹಸಿಯಾಗಿ ತಿನ್ನುವ ಮೊದಲು ಚೆನ್ನಾಗಿ ತೊಳೆಯಲಿ, ನೀರು ಕುದಿಸಿ ಕುಡಿಯಲಿ. ಮಾಂಸದ ಅಡುಗೆ ಮಾಡುವವಳಾದರೆ ಉಪ್ಪು ಖಾರ ನೋಡಲೆಂದು ಅರೆಬೆಂದ ತುಂಡನ್ನು ಬಾಯಿಗೆ ಹಾಕಿಕೊಳ್ಳದಿರಲಿ, ಹಸಿಮಾಂಸ ಕೊಚ್ಚಿದ ಮಣೆಯ ಮೇಲೆ ತೊಳೆಯದೆ ತರಕಾರಿ ಹೆಚ್ಚದಿರಲಿ.